ಲಾಡಸಾಬ ಕಾಯ್ದಿಟ್ಟ ಹ್ಯಾಂಡಲ್

ಕುಳಗೇರಿ ಕ್ರಾಸಿನ ಲಾಡಸಾಬ ನಾಲಬಂದನ ಅಂಗಡಿಯಲ್ಲಿ ನನ್ನ ಹೆಸರು ಮೂರು ವರ್ಷ ನೇತಾಡಿತು. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಮಾಡಿದ ಚೀಟಿ, ಮೇಲೆ ಬಿಳಿ ಬಣ್ಣದಲ್ಲಿ ‘ಪ್ರವೀಣಕುಮಾರ, ಕಮತಗಿ’. ಬೇರೆಲ್ಲೂ ನನ್ನ ಹೆಸರನ್ನು ಯಾರೂ ಅಷ್ಟು ಎತ್ತರದಲ್ಲಿ ಬರೆದಿರಲಿಲ್ಲವಾದ್ದರಿಂದ ಹೋದಾಗಲೆಲ್ಲ ಕತ್ತೆತ್ತಿ ನೋಡಿ ಬರುತ್ತಿದ್ದೆ. ನನ್ನ ತಪ್ಪು ಅಲ್ಲಿಂದಲೇ ಶುರು. ಚೀಟಿ ನೋಡುತ್ತಿದ್ದೆ, ಅದರ ಕೆಳಗಿನ ಸಾಮಾನು ನೋಡುತ್ತಿರಲಿಲ್ಲ.

ನನ್ನ ಕೆಲಸ ರಕ್ತ ಒಯ್ಯುವುದು. ಸುತ್ತಲಿನ ದವಾಖಾನೆಗಳಲ್ಲಿ ತೆಗೆದ ರಕ್ತದ ಸ್ಯಾಂಪಲ್ಲುಗಳನ್ನು ಡಬ್ಬಿಯಲ್ಲಿ ಬರ್ಫದ ಜೊತೆ ಇಟ್ಟುಕೊಂಡು ಮೋಟರ್ ಸೈಕಲ್ ಮೇಲೆ ಬಾಗಲಕೋಟೆಯ ಒಂದು ಲ್ಯಾಬಿಗೆ ಮುಟ್ಟಿಸಬೇಕು. ಸೋಮವಾರ, ಬುಧವಾರ, ಶುಕ್ರವಾರ ಕೆರೂರ, ಕುಳಗೇರಿ ಕ್ರಾಸ್, ಬಾದಾಮಿ. ಉಳಿದ ಮೂರು ದಿನ ಕಮತಗಿ, ಹುನಗುಂದ, ಇಳಕಲ್ಲ. ಹುನಗುಂದದ ಕಂಪೌಂಡರ್ ನನ್ನ ಹೆಲ್ಮೆಟ್ ಕಂಡ ಕೂಡಲೇ “ಬಂತು ನೋಡ್ರಿ ತಿಗಣಿ” ಅನ್ನುತ್ತಾನೆ. ಎಷ್ಟು ಟ್ರಿಪ್ಪು, ಅಷ್ಟು ಕೂಲಿ. ಜ್ವರ ಬಂದು ಮಲಗಿದರೆ ಕೂಲಿಯೂ ಮಲಗುತ್ತದೆ.

ಗಾಡಿ ನನ್ನ ಸೋದರಮಾವ ಓಡಿಸಿ ಬಿಟ್ಟದ್ದು. ಆ ಮಾದರಿಯನ್ನು ಕಂಪನಿಯವರು ಎಂದೋ ನಿಲ್ಲಿಸಿದ್ದಾರೆ. ಅದರ ಹ್ಯಾಂಡಲ್ ಎಮ್ಮೆಯ ಕೋಡಿನ ಹಾಗೆ ಹಿಂದಕ್ಕೆ ಬಾಗಿತ್ತು. ಅದನ್ನು ಹಿಡಿದು ಕೂತರೆ ಹಾಲು ಹಾಕಲು ಹೊರಟವನ ಹಾಗೆ ಕಾಣುತ್ತಿದ್ದೆ. ಆಗ ಇಳಕಲ್ಲಿನ ದವಾಖಾನೆಯಲ್ಲಿ ಚೀಟಿ ಬರೆಯುವ ನೇತ್ರಾ ಎಂಬ ಹುಡುಗಿ ಇದ್ದಳು. ನಾನು ಹಾಲಿನವನ ಹಾಗೆ ಕಾಣುವುದು ನನಗೆ ಸರಿಬರಲಿಲ್ಲ. ಫೋನಿನಲ್ಲಿ ಹುಡುಕಿ, ಕರಿ ಬಣ್ಣದ, ಸಪಾಟಾದ, ನನ್ನ ಎದೆಗಿಂತ ಅಗಲವಾದ ಫ್ಯಾನ್ಸಿ ಹ್ಯಾಂಡಲ್ ತರಿಸಿದೆ. ಮನೆಯ ಮುಂದೆ ಕೂತು, ಮಾವನ ನಟ್ಟು ತಿರುಗಿಸುವ ಪಾನಾ ಹಿಡಿದು, ನಾನೇ ಕೂಡಿಸಿದೆ. ಓದಿದವನು ನೋಡ್ರಿ.

ಹ್ಯಾಂಡಲ್ ಅಗಲವಾದರೆ ಕೇಬಲ್ಲುಗಳೂ ಉದ್ದವಾಗಬೇಕು ಎಂಬುದು ಬಿ.ಎಸ್ಸಿ.ಯಲ್ಲಿ ಇರಲಿಲ್ಲ. ಕೆರೂರ ಬಸ್ ಸ್ಟ್ಯಾಂಡಿನ ಮುಂದೆ ಎಡಕ್ಕೆ ಹೊರಳಿಸಿದೆ. ಕೇಬಲ್ ಬಿಗಿದು ಎಕ್ಸಲೇಟರ್ ತಾನೇ ಜಗ್ಗಿಕೊಂಡಿತು. ಗಾಡಿ ಕೂಗುತ್ತ ಹೋಗಿ ಒಬ್ಬ ಅವ್ವಾರ ಉಳ್ಳಾಗಡ್ಡಿ ರಾಶಿಯೊಳಗೆ ಮೂತಿ ಇಟ್ಟಿತು.

“ನೀ ಗಾಡಿ ಹೊಡ್ಯಾಕತ್ತಿಯೋ, ಗಾಡಿನ ನಿನ್ನ ಹೊಡ್ಯಾಕತ್ತೈತೋ?” ಎಂದರು ಆಕೆ.

ಉಳ್ಳಾಗಡ್ಡಿ ಆರಿಸಿ ಕೊಡುವಷ್ಟರಲ್ಲಿ ನೆರೆದವರೇ ದಾರಿ ಹೇಳಿದರು. ಕುಳಗೇರಿ ಕ್ರಾಸಿಗೆ ಹೋಗು, ಲಾಡಸಾಬನ ಹತ್ತಿರ.

ಲಾಡಸಾಬನಿಗೆ ಆಗ ಅರವತ್ತರ ಹತ್ತಿರ. ಒಣಗಿದ ಜೋಳದ ದಂಟಿನಂಥ ಆಳು, ಮೂಗಿನ ಮೇಲೆ ದಾರ ಕಟ್ಟಿದ ಚಾಳೀಸು, ಬಲಗೈ ಹೆಬ್ಬೆರಳಿಗೆ ಉಗುರಿಲ್ಲ. ಮನುಷ್ಯನಿಗಿಂತ ಮೊದಲು ಗಾಡಿಯನ್ನು ಮಾತಾಡಿಸುವ ರೂಢಿ. ನನ್ನ ಗಾಡಿಯ ಸುತ್ತ ಒಂದು ಸುತ್ತು ಹಾಕಿ ಕೇಳಿದ:

“ಇದನ್ನ ಯಾರು ಕೂಡಿಸ್ಯಾರ?”

“ನಾನ ರೀ.”

“ಕೈ ಮುಗೀಬೇಕು ನಿನಗ. ಇನ್ನಾ ಜೀವಂತ ಅದೀಯಲ್ಲ.”

ಆಮೇಲೆ ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಏರಿಸಿ ನನ್ನನ್ನು ಮೇಲೆ ಕೂಡಿಸಿದ. “ಕಣ್ಣ ಮುಚ್ಚು. ಉಣ್ಣಾಕ ಕುಂತಿ ಅಂತ ತಿಳಕೋ. ಮುಂದ ಗಂಗಾಳದಾಗ ರೊಟ್ಟಿ ಐತಿ. ಮುರಿಯಾಕ ಎರಡೂ ಕೈ ಚಾಚು.” ಚಾಚಿದೆ. ನನ್ನ ಮುಂಗೈಗಳು ಗಾಳಿಯಲ್ಲಿ ಎಲ್ಲಿ ನಿಂತವೋ ಅಲ್ಲಿಂದ ಹೆಗಲಿಗೆ ಸುತಳಿ ಹಿಡಿದು ಗಂಟು ಹಾಕಿಕೊಂಡ. ಆ ಗಂಟೇ ಅಳತೆ. ನನ್ನ ಶೋಕಿಯ ಹ್ಯಾಂಡಲನ್ನು ಎರಡೂ ಬದಿ ಎರಡೆರಡು ಬೆರಳು ಕೊಯ್ದ, ಹಿಡಿತ ಸಡಿಲಿಸಿ ತುಸು ನನ್ನ ಕಡೆಗೆ ಹೊರಳಿಸಿದ, ಉದ್ದನೆಯ ಕೇಬಲ್ ಹಾಕಿ ಪೆಟ್ರೋಲ್ ಟಾಕಿಯ ಕೆಳಗೆ ಬೇರೆ ದಾರಿಯಲ್ಲಿ ಹಾಯಿಸಿದ. ಕೊನೆಗೆ ಇಂಜಿನ್ ಚಾಲೂ ಮಾಡಿ ಹ್ಯಾಂಡಲನ್ನು ಎಡಕ್ಕೆ ಪೂರಾ, ಬಲಕ್ಕೆ ಪೂರಾ ಹೊರಳಿಸಿ, ಈ ಸಲ ತಾನೇ ಕಣ್ಣು ಮುಚ್ಚಿ ಕೇಳಿದ.

“ದನಿ ಬದಲಾಗಬಾರದು. ಬದಲಾತು ಅಂದ್ರ ಎಲ್ಲೋ ಜಗ್ಗಾಕತ್ತೈತಿ ಅಂತ ತಿಳಿ.”

ಈ ಅಳತೆಯ ವಿದ್ಯೆ ಅವನಿಗೆ ಗ್ಯಾರೇಜಿನಲ್ಲಿ ಬಂದದ್ದಲ್ಲ. ಅವನ ಅಪ್ಪ ಕೆರೂರ ಸಂತೆಯಲ್ಲಿ ಎತ್ತುಗಳಿಗೆ ಲಾಳ ಹೊಡೆಯುತ್ತಿದ್ದ. ಎತ್ತನ್ನು ಹಗ್ಗದಿಂದ ಕೆಡವಿ ನಾಲ್ಕೂ ಕಾಲು ಕಟ್ಟಿದಾಗ ಅದರ ತಲೆ ಅಮುಕಿ ಕೂತು, ಕಿವಿಯಲ್ಲಿ ಏನಾದರೊಂದು ಮಾತಾಡುತ್ತಿರುವುದು ಏಳು ವರ್ಷದ ಲಾಡಸಾಬನ ಕೆಲಸ. ಒಂದು ಎತ್ತಿಗೆ ಆ ಮಾತು ಹಿಡಿಸಲಿಲ್ಲ, ಹೆಬ್ಬೆರಳ ಉಗುರು ಹೋಯಿತು. ಅಪ್ಪ ಹೇಳುತ್ತಿದ್ದನಂತೆ, ಲಾಳವನ್ನು ಕಾಲಿಗೆ ತಕ್ಕ ಹಾಗೆ ಬಡೀಬೇಕು, ಕಾಲನ್ನು ಲಾಳಕ್ಕೆ ತಕ್ಕ ಹಾಗೆ ಕೆತ್ತಬಾರದು. ಮುಂದೆ ಟ್ರ್ಯಾಕ್ಟರು ಬಂದು ಸಂತೆಯಲ್ಲಿ ಎತ್ತು ಕಡಿಮೆಯಾದವು. ಲಾಡಸಾಬ ಬಾಗಲಕೋಟೆಯ ಗ್ಯಾರೇಜೊಂದರಲ್ಲಿ ಹತ್ತು ವರ್ಷ ದುಡಿದು, ಮದುವೆಯಾಗಿ, ಕ್ರಾಸಿಗೆ ಬಂದು ತಗಡಿನ ಅಂಗಡಿ ಹಾಕಿದ. ಅಂಗಡಿಯ ಹಿಂದಿನ ಬಾಗಿಲು ತೆಗೆದರೆ ಮನೆ. ಬಾಗಿಲಲ್ಲಿ ಅವನ ಹೆಂಡತಿ ಜೈನಬಿ ಚಾಚಿ.

ಅಂಗಡಿಯ ದೊಡ್ಡ ಹೆಸರು ಮಾತ್ರ ಮೇಲಿನ ತೊಲೆಯಲ್ಲಿತ್ತು. ಫ್ಯಾನ್ಸಿ ಹ್ಯಾಂಡಲ್ ಹಾಕಿಸಿಕೊಂಡವರ ಕಂಪನಿ ಹ್ಯಾಂಡಲನ್ನು ಲಾಡಸಾಬ ಗುಜರಿಗೆ ಹಾಕುತ್ತಿರಲಿಲ್ಲ, ಮನೆಗೆ ಒಯ್ಯಲೂ ಬಿಡುತ್ತಿರಲಿಲ್ಲ. ಮನೆಗೆ ಒಯ್ದರೆ ದನದ ಗೂಟವಾಗುತ್ತದೆ ಎಂಬುದು ಅವನ ಅನುಭವ. ಎಣ್ಣೆ ಸವರಿ, ತಗಡಿನ ಚೀಟಿಗೆ ಹೆಸರು ಬರೆದು, ತಂತಿ ಕಟ್ಟಿ ತೊಲೆಗೆ ತೂಗುಹಾಕುತ್ತಿದ್ದ. ನಲವತ್ತಕ್ಕೂ ಮಿಕ್ಕಿ ಹ್ಯಾಂಡಲ್ಲುಗಳು ಬೇಟೆಯಾಡಿದ ಪ್ರಾಣಿಗಳ ಕೋಡುಗಳ ಹಾಗೆ ಸಾಲಾಗಿ ತೂಗುತ್ತಿದ್ದವು.

“ಅಮಾನತ್ ಇದು. ನಂಬಿ ಇಟ್ಟು ಹೋದ ಸಾಮಾನ. ಶೋಕಿ ಇವತ್ತು ಇರ್ತೈತಿ, ನಾಳಿ ಹೋಗ್ತೈತಿ. ಗಾಡಿ ಮಾರೂವಾಗ, ಕಾಗದಾ ಮಾಡಸೂವಾಗ ಲಾಡಸಾಬನ ಕಡೆ ಬರಬೇಕು ನೀವು. ಇವತ್ತಿನ ತನಕ ಒಬ್ಬರೂ ಬರಿಗೈಲೆ ಹೋಗಿಲ್ಲ.”

ಮುಂದಿನ ಸಲ ನಾನು ಮನೆಯಿಂದ ತಂದುಕೊಟ್ಟ ಹಳೆಯ ಹ್ಯಾಂಡಲಿಗೆ ಎಣ್ಣೆ ಸವರಲೆಂದು ಎಡಗಡೆಯ ರಬ್ಬರ್ ಹಿಡಿ ಎಳೆದ. ಒಳಗೆ ನಾನು ಮೊಳೆಯಿಂದ ಗೀರಿದ್ದ ಅಕ್ಷರ ಹೊರಬಿತ್ತು: ‘ನೇ’.

“ಈ ‘ನೇ’ ಏನಪಾ?”

“ನೇ... ನೇಗಿಲ ರೀ.”

“ನೇಗಿಲ! ಕಮತಗ್ಯಾಗ ನೇಗಿಲದ ಹೆಸರ ಹಿಂಗ ಮುಚ್ಚಿ ಬರೀತಾರ?” ಲಾಡಸಾಬ ನಕ್ಕ. ಬಾಗಿಲಲ್ಲಿ ಚಾಚಿಯೂ ನಕ್ಕಳು. ಅವತ್ತಿನಿಂದ ಅವನು ನನಗೆ ಚಾಚಾ ಆದ.

ನೇಗಿಲದ ಕತೆ ಅಲ್ಲಿಗೇ ಮುಗಿಯಿತೆನ್ನಿ. ನೇತ್ರಾಳ ಅಪ್ಪ ನನ್ನ ಬಗ್ಗೆ ಯಾರ ಮೂಲಕವೋ ಒಂದೇ ಮಾತು ಕೇಳಿಸಿದ್ದ: “ಹುಡುಗ ಪರ್ಮನಂಟ್ ಏನು?” ನಾನು ಟ್ರಿಪ್ಪಿನವನು. ಅಗಲ ಹ್ಯಾಂಡಲ್ ಹಿಡಿದು ಎದೆ ಉಬ್ಬಿಸಿ ಕೂರುವುದನ್ನು ನಾನು ಕಲಿಯುವಷ್ಟರಲ್ಲಿ ಆಕೆ ಗದಗಿನ ಸೊಸೆಯಾಗಿದ್ದಳು. ಎದೆ ಉಬ್ಬಿದ್ದು ಉಬ್ಬಿದಂತೆಯೇ ಉಳಿಯಿತು, ನೋಡುವವರು ಇರಲಿಲ್ಲ.

ಆದರೆ ಹೆಗಲು ನೋವು ಹೋಯಿತು. ದಿನವಿಡೀ ಗಾಡಿಯ ಮೇಲಿರುವವನಿಗೆ ಅದಕ್ಕಿಂತ ದೊಡ್ಡ ಸುದ್ದಿ ಏನಿದೆ? ನಾನು ಲಾಡಸಾಬನ ಬಿಟ್ಟಿ ಪ್ರಚಾರಕನಾದೆ. ಪ್ರತಿ ದವಾಖಾನೆಯ ಬೆಂಚಿನ ಮೇಲೂ ಅವನ ಕತೆ ಹೇಳಿದೆ. ಹುನಗುಂದದ ದವಾಖಾನೆಯಲ್ಲಿ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ನಿವೃತ್ತ ಮಾಸ್ತರ ಅಂದಪ್ಪನವರಿಗೂ ಹೇಳಿದೆ. ಅವರದೂ ನನ್ನದೇ ಮಾದರಿಯ ಗಾಡಿ. “ಎತ್ತರದ ಹ್ಯಾಂಡಲ್ ಹಾಕಸ್ರಿ ಸರ, ಬಗ್ಗೂದು ತಪ್ಪತೈತಿ. ನಿಮ್ಮ ಕಂಪನಿ ಹ್ಯಾಂಡಲ್ ಹತ್ತು ವರ್ಷ ಆದ್ರೂ ಹಂಗ ಕಾಯ್ದಿಟ್ಟಿರ್ತಾನ. ಆ ಮನುಷ್ಯಾನ ನಂಬಿಗಸ್ತಿಕಿ ಅಂದ್ರ...” ಎಂದು ನಾನು ಕೈ ಎತ್ತಿದ್ದು ನನಗಿನ್ನೂ ನೆನಪಿದೆ. ಬಾದಾಮಿಯಲ್ಲಿ ಮಗಳ ಮನೆಯಿದ್ದದ್ದರಿಂದ ಮಾಸ್ತರರು ಒಮ್ಮೆ ಆ ಕಡೆ ಹೋದಾಗ ಹಾಕಿಸಿಕೊಂಡೂ ಬಂದರು.

ಮೂರು ವರ್ಷದಲ್ಲಿ ನನ್ನ ಮಧ್ಯಾಹ್ನದ ಊಟ ವಾರಕ್ಕೆ ಮೂರು ದಿನ ಚಾಚಿಯ ಕೈಯ ರೊಟ್ಟಿಯಾಯಿತು. ಚಾಚಾನಿಗೆ ಸಕ್ಕರೆ ಕಾಯಿಲೆ. ತಿಂಗಳಿಗೊಮ್ಮೆ ನಾನೇ ಪಕ್ಕದ ದವಾಖಾನೆಯ ನರ್ಸ್ ಅಕ್ಕನನ್ನು ಅಂಗಡಿಗೆ ಕರೆತಂದು ರಕ್ತ ತೆಗೆಸುತ್ತಿದ್ದೆ. ವರದಿ ಇಂಗ್ಲಿಷಿನಲ್ಲಿ. ಓದಿ ಹೇಳುವವನೂ ನಾನೇ.

“ಎಷ್ಟೈತಿ?”

“ಎರಡನೂರಾ ನಲವತ್ತು, ಚಾಚಾ.”

“ನಿಮ್ಮ ಚಾಚಿಗೆ ನೂರಾ ಅರವತ್ತು ಅಂತ ಹೇಳು.”

ಹೇಳುತ್ತಿದ್ದೆ. ಸಕ್ಕರೆ ಹಾಕಿದ ಚಹಾ ಬರುತ್ತಿತ್ತು, ಇಬ್ಬರೂ ಕುಡಿಯುತ್ತಿದ್ದೆವು. ಲಾಡಸಾಬ ಸುಳ್ಳು ಹೇಳುವುದನ್ನು ನಾನು ನೋಡಿರಲಿಲ್ಲ ಅಂತಲ್ಲ. ಪಾಲುದಾರ ನಾನೇ ಆಗಿದ್ದರಿಂದ ಅದು ಸುಳ್ಳು ಅಂತ ಅನ್ನಿಸಿರಲಿಲ್ಲ.

ಹೀಗಿರುವಾಗ ಈ ವರ್ಷ ಲ್ಯಾಬಿನಲ್ಲಿ ಒಂದು ಗುರುವಾರ ಮಹೇಶ್ವರಿ ಮೇಡಂ ನಮ್ಮನ್ನೆಲ್ಲ ಕರೆದು ನಿಲ್ಲಿಸಿದರು. ನಮ್ಮ ಟ್ರಿಪ್ಪುಗಳ ಲೆಕ್ಕ ನೋಡುವವರು ಅವರೇ. ಬೇರೆ ಜಿಲ್ಲೆಯಲ್ಲಿ ಒಬ್ಬ ಹುಡುಗ ಫ್ಯಾನ್ಸಿ ಹ್ಯಾಂಡಲಿನ ಗಾಡಿ ಕೆಡವಿ ಒಂದು ಡಬ್ಬಿ ರಕ್ತ ರಸ್ತೆಗೆ ಚೆಲ್ಲಿದ್ದನಂತೆ. ಇನ್ನು ಮುಂದೆ ಗಾಡಿಗಳು ಕಂಪನಿಯಿಂದ ಬಂದ ರೂಪದಲ್ಲೇ ಇರಬೇಕೆಂದು ವಿಮೆಯವರ ತಾಕೀತು. ಸೋಮವಾರ ತಪಾಸಣೆ.

“ಪಾಸಾದವ್ರನ್ನ ಒಂದನೇ ತಾರೀಖಿನಿಂದ ಪರ್ಮನಂಟ್ ಮಾಡ್ತೀವಿ. ಆಗದವ್ರು ಬ್ಯಾರೆ ಕೆಲಸಾ ನೋಡ್ಕೋರಿ” ಎಂದರು ಮೇಡಂ.

ಉಳಿದ ಹುಡುಗರ ಮುಖ ಇಳಿಯಿತು. ಒಬ್ಬ ತನ್ನ ಹಳೆಯ ಹ್ಯಾಂಡಲನ್ನು ಗುಜರಿಗೆ ಹಾಕಿದ್ದ, ಇನ್ನೊಬ್ಬನದು ನಿಜವಾಗಿಯೂ ದನದ ಗೂಟವಾಗಿತ್ತು. ಅವರ ಗಾಡಿಗಳು ಹೊಸ ಮಾದರಿಯವು, ಶೋರೂಮಿನಲ್ಲಿ ಹ್ಯಾಂಡಲ್ ಸಿಗುತ್ತಿತ್ತು. ನನ್ನದಕ್ಕೆ ಪುಣೆಯಿಂದ ತರಿಸಬೇಕು, ಇಪ್ಪತ್ತು ದಿನ ಎಂದು ಶೋರೂಮಿನವರು ಫೋನಿನಲ್ಲಿ ಹೇಳಿದರು. ನಾನು ನಕ್ಕೆ. “ನಂದು ಕುಳಗೇರಿ ಕ್ರಾಸಿನ್ಯಾಗ ಐತ್ರಿ. ಎಣ್ಣಿ ಹಚ್ಚಿ ಇಟ್ಟಾರ” ಎಂದು ಮೇಡಂ ಮುಂದೆಯೇ ಹೇಳಿದೆ.

ಶುಕ್ರವಾರ ಹೋದೆ. ವಿಷಯ ಕೇಳಿ ಚಾಚಾ ಸ್ವಲ್ಪ ಹೊತ್ತು ಕೈಯಲ್ಲಿದ್ದ ಪ್ಲಗ್ಗನ್ನು ಉಜ್ಜಿದ. ಆಮೇಲೆ, “ನೀ ಬಾದಾಮಿಗೆ ಹೋಗಿ ಬಾ. ಡಬ್ಬಿ ತಗೊಂಡು ಬರೂದ್ರಾಗ ತೆಗೆದಿಟ್ಟಿರ್ತೇನಿ” ಅಂದ. ನಾನು ಮರಳಿ ಬಂದಾಗ ಹ್ಯಾಂಡಲ್ ಇಳಿಸಿ ಇಟ್ಟಿದ್ದ. ಹಳೆಯದು, ಕೆಂಪಗೆ ತುಕ್ಕಿನ ಬಣ್ಣ, ಎರಡೂ ಬದಿಗೆ ಹೊಸ ರಬ್ಬರ್ ಹಿಡಿ.

“ಹಿಡಿ ಹಳೇವು ಹರದಿದ್ವು, ನಾನ ಹೊಸಾವು ಹಾಕೇನಿ. ಅಂಟು ಹಚ್ಚೇನಿ, ನಾಕು ದಿನ ಬಿಚ್ಚಬ್ಯಾಡ.”

‘ನೇ’ ಒಮ್ಮೆ ನೋಡಬೇಕೆಂದಿದ್ದೆ. ನಾಚಿಕೆಯಾಗಿ ಸುಮ್ಮನಾದೆ. ಚಾಚಾ ನನ್ನ ಅಗಲದ ಹ್ಯಾಂಡಲನ್ನು ಬಿಚ್ಚಿ ಎಣ್ಣೆ ಸವರಿ ಅದೇ ತಗಡಿನ ಚೀಟಿ ಕಟ್ಟಿ ತೊಲೆಗೆ ಏರಿಸಿದ. “ಇದೂ ನಿನ್ನ ಅಮಾನತ್” ಅಂದ. ಅವತ್ತು ಚಾಚಿ ಬಾಗಿಲಿಗೆ ಬರಲಿಲ್ಲ. ತಲೆನೋವಂತೆ.

ಸೋಮವಾರ ವಿಮೆಯವರ ಕಡೆಯ ಮನುಷ್ಯ ಬಂದ. ನನ್ನ ಗಾಡಿಯ ಹ್ಯಾಂಡಲಿನ ನಡುಭಾಗದಲ್ಲಿ ಕಂಪನಿ ಒತ್ತಿದ ಗುರುತು ಹುಡುಕಿದ, ಕಾಣಲಿಲ್ಲ. ತುಕ್ಕಿನಲ್ಲಿ ಮುಚ್ಚಿರಬೇಕೆಂದು ಒಂದು ಬಟ್ಟೆ ತಗೊಂಡು ಉಜ್ಜಿದ. ತುಕ್ಕು ಬಟ್ಟೆಗೆ ಬಂತು. ಕೆಳಗೆ ಹೊಚ್ಚ ಹೊಸ ಪೈಪು ಥಳಥಳ ಹೊಳೆಯಿತು.

ಅವನು ಬಟ್ಟೆಯನ್ನು ಮೂಸಿ ನೋಡಿದ. “ಎಣ್ಣಿ, ಇಟ್ಟಂಗಿ ಪುಡಿ. ಮಂದಿ ಹಳೇದಕ್ಕ ಹೊಸಾ ಬಣ್ಣಾ ಹಚ್ಚತಾರ. ನೀ ಹೊಸಾದಕ್ಕ ಹಳೇ ಬಣ್ಣಾ ಹಚ್ಚೀಯಲ್ಲೋ ಮಾರಾಯಾ! ಬಜಾರದಾಗಿನ ಮಾಲಿದು.”

ಎಲ್ಲರೂ ನಕ್ಕರು. ನಗದವರು ಮಹೇಶ್ವರಿ ಮೇಡಂ ಒಬ್ಬರೇ. “ಪ್ರವೀಣಕುಮಾರ, ನೀನೂ ಹಿಂಗ ಮೋಸಾ ಮಾಡ್ತಿ ಅಂತ ನಾ ಅನಕೊಂಡಿರಲಿಲ್ಲ” ಎಂದರು.

ನಾನು ಜೇಬಿನ ಬ್ಲೇಡಿನಿಂದ ಎಡಗಡೆಯ ಹಿಡಿಯನ್ನು ಅಲ್ಲೇ ಸೀಳಿದೆ. ಒಳಗೆ ಕನ್ನಡಿಯಂಥ ಪೈಪು. ‘ನೇ’ ಇಲ್ಲ. ಯಾವ ಅಕ್ಷರವೂ ಇಲ್ಲ.

ಮೇಡಂ ನನ್ನ ಮುಖ ನೋಡಿ ಏನು ತಿಳಿದುಕೊಂಡರೋ, “ನಾಳೆ ಸಂಜಿ ಐದರ ತನಕ ಟೈಮ್ ಐತಿ. ಆಮ್ಯಾಲೆ ನನ್ನ ಕೈಯಾಗ ಏನೂ ಇಲ್ಲ” ಎಂದರು.

ಸೋಮವಾರದ ದಾರಿ ಹೇಗೂ ಕುಳಗೇರಿ ಕ್ರಾಸಿನದೇ. ಕೆರೂರ ದಾಟುವವರೆಗೂ ನಾನು ಚಾಚಾನ ಪರವಾಗಿಯೇ ವಾದ ಮಾಡುತ್ತ ಹೋದೆ. ಚೀಟಿ ಅದಲುಬದಲಾಗಿರಬೇಕು. ಯಾರೋ ಕದ್ದಿರಬೇಕು. ಆದರೆ ಕಳ್ಳ ಇಟ್ಟಿಗೆ ಪುಡಿ ಅರೆದು ಹಚ್ಚಿ ಹೋಗುವುದಿಲ್ಲ. ನಾನು ಬಾದಾಮಿಗೆ ಹೋಗಿ ಬರುವ ಎರಡು ತಾಸಿನಲ್ಲಿ ಒಬ್ಬ ಮನುಷ್ಯ ಕೂತು, ಪುಡಿ ಅರೆದು, ಎಣ್ಣೆ ಕಲಸಿ, ಬೆರಳಿನಿಂದ ಸವರಿದ್ದಾನೆ. ಉಗುರಿಲ್ಲದ ಹೆಬ್ಬೆರಳು ನನ್ನ ಕಣ್ಣಿಗೆ ಕಟ್ಟಿತು.

“ಚಾಚಾ, ಇದು ನಂದಲ್ಲ.”

“ನಿಂದ ಐತಿ. ಹಳೇದಾಗೈತಿ, ಅದಕ್ಕ ಹಂಗ...”

ಉಜ್ಜಿದ ಜಾಗ ತೋರಿಸಿದೆ. ಬಿಸಿಲಿಗೆ ಅದು ಅವನ ಚಾಳೀಸಿನಲ್ಲಿ ಹೊಳೆಯಿತು. ಲಾಡಸಾಬನ ದನಿ ಬದಲಾಯಿತು. “ಗಿರಾಕಿ ಅದಾರಪಾ ಈಗ. ಆಮ್ಯಾಲೆ ಮಾತಾಡೂಣು.”

ಅಂಗಡಿಯಲ್ಲಿ ನನ್ನ ಹೊರತು ಒಂದು ನೊಣ ಇತ್ತು.

ಹಿಂದಿನ ಬಾಗಿಲು ತೆರೆಯಿತು. “ಹೇಳ್ರಿ ಆ ಹುಡುಗಗ” ಎಂದಳು ಜೈನಬಿ ಚಾಚಿ. “ಎರಡು ವರ್ಷಾತು, ರೊಟ್ಟಿ ಹಾಕೂವಾಗ ಅವನ ಮುಖಾ ನೋಡಾಕ ಆಗವಲ್ದು ನನಗ. ನೀವು ಹೇಳದಿದ್ರ ನಾ ಹೇಳ್ತೇನಿ.”

ಆಕೆಯೇ ಹೇಳಿದಳು. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಅಂಗಡಿಯ ತಗಡು ಒಂದು ಕಡೆ ಸೋರಿತ್ತು. ಸೋರಿದ ಜಾಗದ ಕೆಳಗೆ ಅಂದಪ್ಪ ಮಾಸ್ತರರ ಹ್ಯಾಂಡಲ್ ಇತ್ತು. ಚಾಚಾ ಕತ್ತೆತ್ತಿ ನೋಡುವಷ್ಟರಲ್ಲಿ ತುಕ್ಕು ಅದನ್ನು ತಿಂದು ತೂತು ಮಾಡಿತ್ತು. ಅದೇ ವಾರ ಮಾಸ್ತರರು ಬಂದರು. ಕುತ್ತಿಗೆ ನೆಟ್ಟಗಾಗಿದೆ, ನನ್ನ ಕಂಪನಿ ಹ್ಯಾಂಡಲ್ ಕೊಡು ಎಂದರು. ಚಾಚಾ ಪಕ್ಕದ ಹ್ಯಾಂಡಲ್ ಇಳಿಸಿದ, ಚೀಟಿ ಬಿಚ್ಚಿದ, ಗಾಡಿಗೆ ಕೂಡಿಸಿ ಕೊಟ್ಟ. ಅದು ನನ್ನದು. ನನ್ನ ಚೀಟಿಗೆ ಬಜಾರದಿಂದ ತಂದ ಹೊಸದೊಂದನ್ನು ಕಟ್ಟಿ ಮೇಲೇರಿಸಿದ. ನಾನು ಅದನ್ನೇ ಎರಡು ವರ್ಷ ಕತ್ತೆತ್ತಿ ನೋಡಿ ಖುಷಿಪಟ್ಟೆ.

“ಅವರದು ಹಾಳಾತು ಅಂತ ಅವರಿಗೆ ಹೇಳಬೇಕಿತ್ತು, ಚಾಚಾ.”

“ಹ್ಯಾಂಗ ಹೇಳಲಿ? ಮಾಸ್ತರ ಮನುಷ್ಯಾ, ಹುನಗುಂದದಿಂದ ಬಂದಾರ. ಅಂಗಡ್ಯಾಗ ನಾಕು ಮಂದಿ ಕುಂತಾರ. ಲಾಡಸಾಬನ ಹತ್ರ ಇಟ್ಟಿದ್ದು ಹೋತು ಅಂದ್ರ ನನ್ನ ಮಾತಿಗೆ ಏನು ಕಿಮ್ಮತ್ತು ಉಳೀತೈತಿ?”

“ನಂದು ಹೋದ್ರ ನಡೀತೈತಿ?”

ಲಾಡಸಾಬ ಮೊದಲ ಸಲ ನನ್ನ ಮುಖ ನೋಡಿದ. “ನೀ ಮಂದಿ ಅಲ್ಲಲ್ಲೋ ತಮ್ಮಾ. ಖರೆ ಹೇಳ್ತೇನಿ, ಮಂದಿ ಸಾಮಾನ ನಾ ಒಂದೂ ಮುಟ್ಟಿಲ್ಲ. ಇದು ಮನೀದು ಅಂತ ತಗೊಂಡೆ.”

ಮೂರು ವರ್ಷ ಆ ಅಂಗಡಿಯ ಬೆಂಚಿನ ಮೇಲೆ ಕೂತು ನಾನು ಕೇಳಬೇಕೆಂದಿದ್ದ ಮಾತು ಇದೇ. ಇಂಥ ಹೊತ್ತಿನಲ್ಲಿ ಸಿಕ್ಕಿತು.

“ಮನೀ ಮಗಗ ಇಟ್ಟಂಗಿ ಪುಡಿ ಹಚ್ಚಿ ಕೊಡ್ತಾರೇನು?”

ಅವನು ಪಾನಾ ಎತ್ತಿಕೊಂಡು ಒರೆಸತೊಡಗಿದ. ನಾನೇ ಮತ್ತೆ ಹೇಳಿದೆ. “ನಾಳಿ ಹುನಗುಂದಕ್ಕ ಬರ್ರಿ ನನ್ನ ಕೂಡ. ಗಾಡಿ ಮ್ಯಾಲೆ ಕರಕೊಂಡು ಹೋಗ್ತೇನಿ. ಮಾಸ್ತರ ಮುಂದ ನೀವ ಒಂದು ಮಾತು ಹೇಳ್ರಿ, ನಂದು ನನಗ ಸಿಗ್ತೈತಿ.”

“ಪುಣೆಯಿಂದ ತರಿಸಿ ಕೊಡ್ತೇನಿ. ರೊಕ್ಕಾ ನಂದು.”

“ಇಪ್ಪತ್ತು ದಿನ ಆಗ್ತೈತಿ ಚಾಚಾ. ನನಗ ನಾಳಿ ಐದರ ತನಕ ಟೈಮ್ ಐತಿ. ನೌಕರಿ ಹೋಗ್ತೈತಿ ನಂದು.”

“ಏನ ಕೇಳತಿ ಕೇಳು, ಕೊಡ್ತೇನಿ. ಹುನಗುಂದಕ್ಕ ಮಾತ್ರ ಬರಾಂಗಿಲ್ಲ.”

ಹ್ಯಾಂಡಲ್ ಕೊಟ್ಟದ್ದನ್ನು ನಾನು ನುಂಗಿಕೊಳ್ಳುತ್ತಿದ್ದೆನೇನೋ. ಪುಡಿ ಹಚ್ಚಿದ್ದನ್ನೂ ಎಂದಾದರೊಂದು ದಿನ ನಗೆಯ ಮಾತು ಮಾಡಿಕೊಳ್ಳುತ್ತಿದ್ದೆನೇನೋ. ಈ ಮಾತು ಮಾತ್ರ ಇಳಿಯಲಿಲ್ಲ. ವರ್ಷಕ್ಕೊಮ್ಮೆಯೂ ಕಾಣದ ಮಾಸ್ತರನ ಮುಂದೆ ಮುಖ ಉಳಿಯಬೇಕು. ದಿನ ಬಿಟ್ಟು ದಿನ ಕಾಣುವ ನನ್ನ ಮುಂದೆ ಉಳಿಯಬೇಕಾದ್ದೇನೂ ಇರಲಿಲ್ಲ ಅವನಿಗೆ. ಚಾಚಿ ರೊಟ್ಟಿ ತಂದಳು. ನಾನು ಹೆಲ್ಮೆಟ್ ಹಾಕಿಕೊಂಡೆ.

ಮರುದಿನ ಮಂಗಳವಾರ, ಹುನಗುಂದದ ಪಾಳಿ. ದವಾಖಾನೆಯಲ್ಲಿ ಕೇಳಿ ಅಂದಪ್ಪ ಮಾಸ್ತರರ ಮನೆ ಹು‌ಡುಕಿದೆ. ಅಂಗಳದಲ್ಲಿ ಗಾಡಿ ನಿಂತಿತ್ತು. ಎಮ್ಮೆಯ ಕೋಡಿನಂಥ ನನ್ನ ಹ್ಯಾಂಡಲ್ ನನ್ನನ್ನು ಗುರುತಿಸದವರ ಹಾಗೆ ಬೇರೆ ಕಡೆ ಮುಖ ಮಾಡಿತ್ತು.

ಮಾಸ್ತರರು ನನ್ನ ಮಾತನ್ನು ಪೂರ್ತಿ ಕೇಳಿದರು. ಕೇಳಿ ನಕ್ಕರು. “ಸಾಧ್ಯ ಇಲ್ಲ ಬಿಡ್ರಿ. ಲಾಡಸಾಬ ಹಂಗ ಮಾಡೂ ಮನುಷ್ಯಾ ಅಲ್ಲ. ನಿಮಗ ಏನೋ ತಪ್ಪು ತಿಳದೈತಿ.”

“ನಿಮಗ ಹ್ಯಾಂಗ ಗೊತ್ತು ಸರ, ಅಂವ ಅಂಥಾಂವ ಅಲ್ಲ ಅಂತ?”

“ನೀವ ಹೇಳಿದ್ರೆಲ್ಲಾ! ಮರತ್ರೇನು? ದವಾಖಾನಿ ಬೆಂಚಿನ ಮ್ಯಾಲೆ ಅರ್ಧಾ ತಾಸು ಹೇಳೀರಿ. ಆ ಮನುಷ್ಯಾನ ನಂಬಿಗಸ್ತಿಕಿ ಅಂದ್ರ, ಅಂತ ಕೈ ಎತ್ತಿದ್ರಿ.” ನನ್ನ ಹಾಗೆಯೇ ಕೈ ಎತ್ತಿ ತೋರಿಸಿದರು.

ನನ್ನದೇ ಮಾತು ಬೇರೆಯವರ ಬಾಯಿಂದ ಬಂದು ನನ್ನ ಎದೆಗೆ ಬಡಿಯಿತು. ಬೇರೆ ಸಾಕ್ಷಿ ನನ್ನ ಹತ್ತಿರ ಒಂದೇ ಇತ್ತು, ಅದನ್ನು ಹೇಳಲು ನಾಚಿಕೆ. ಹೇಳಿದೆ. “ಎಡಗಡೆ ಹಿಡಿ ಬಿಚ್ಚಿ ನೋಡ್ರಿ ಸರ. ಒಳಗ ‘ನೇ’ ಅಂತ ಗೀರೈತಿ.”

ಮಾಸ್ತರರು ಹಿಡಿ ಬಿಚ್ಚಲಿಲ್ಲ. ನನ್ನನ್ನೇ ನೋಡಿದರು. ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಅವರ ಹೆಂಡತಿ ಗುರುಸಿದ್ದವ್ವ ಮೊರ ಕೆಳಗಿಟ್ಟರು.

“ಅಂದ್ರ ಅಕಿ ನಿಮ್ಮಾಕೇನು?” ಎಂದರು. “ಹೋದ ವರ್ಷ ಹೊಸಾ ಹಿಡಿ ಹಾಕಸೂವಾಗ ನಾನ ನೋಡೇನಿ. ಯಾರ್ರೀ ಇಕಿ ಅಂದ್ರ, ಕಂಪನಿಯವ್ರು ಬರದಿರಬೇಕು ಅಂದ್ರು. ಈ ವಯಸ್ಸಿನ್ಯಾಗ ಇವರ ಮ್ಯಾಲೆ ಡೌಟು ತಿಂದೇನಪಾ ನಾನು!”

ಬೇರೆ ದಿನವಾಗಿದ್ದರೆ ಮೂವರೂ ನಗುತ್ತಿದ್ದೆವು. ಮಾಸ್ತರರು ಕಟ್ಟೆಯ ಮೇಲೆ ಕೂತುಬಿಟ್ಟರು.

“ಹಂಗಾದ್ರ ನಂದು ಎಲ್ಲೈತಿ?”

“ತುಕ್ಕು ತಿಂತ್ರಿ. ನಿಮಗ ಹೇಳಾಕ ಅವಂಗ ಬಾಯಿ ಬರಲಿಲ್ಲ.”

“ತುಕ್ಕು ತಿಂತು ಅಂದಿದ್ರ ನಾ ಏನ ಅವನ್ನ ನುಂಗತಿದ್ನೇನು? ಕಬ್ಬಿಣಾ, ತುಕ್ಕು ಹಿಡೀತೈತಿ” ಎಂದರು. ದನಿ ಏರಿಸಲಿಲ್ಲ. “ಊರ ತುಂಬ ಹೇಳೇನಲ್ಲಪಾ ನಾನೂ. ನಿಮ್ಮ ಮಾತು ಕೇಳಿ ನಾನೂ ಹೇಳಕೋತ ಅಡ್ಡಾಡೇನಿ.”

ಪಾನಾ ನನ್ನ ಗಾಡಿಯಲ್ಲಿತ್ತು. ಅಂಗಳದಲ್ಲೇ ಅದಲುಬದಲು ಮಾಡಿದೆ. ಇಟ್ಟಂಗಿ ಪುಡಿಯದು ಅವರ ಗಾಡಿಗೆ, ನನ್ನದು ನನಗೆ. ನಾನು ಡಬ್ಬಿ ಕಟ್ಟುವಾಗ ಮಾಸ್ತರರು ಹೇಳಿದರು: “ನಾಳಿ ಮಗಳ ಮನೀಗೆ ಬಾದಾಮಿಗೆ ಹೊಂಟೇನಿ. ಕ್ರಾಸಿನ್ಯಾಗ ಇಳದು ಅವಂಗ ಒಂದು ಮಾತು ಕೇಳ್ತೇನಿ. ನಾಕು ಮಂದಿ ಮುಂದನ ಕೇಳ್ತೇನಿ.”

ಬ್ಯಾಡ್ರಿ ಸರ, ವಯಸ್ಸಾದ ಮನುಷ್ಯ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು.

“ಕೇಳ್ರಿ” ಅಂದೆ.

ಇಳಕಲ್ಲಿಗೆ ಹೋಗಿ, ಡಬ್ಬಿ ತುಂಬಿಸಿಕೊಂಡು, ಐದಕ್ಕೆ ಹತ್ತು ನಿಮಿಷ ಇರುವಾಗ ಲ್ಯಾಬ್ ಮುಟ್ಟಿದೆ. ಕಂಪನಿಯ ಗುರುತು ಸಿಕ್ಕಿತು. ಒಂದನೇ ತಾರೀಖಿನಿಂದ ನಾನು ಪರ್ಮನಂಟ್. ಕೊರಳಲ್ಲಿ ಹಾಕಿಕೊಳ್ಳುವ ಕಾರ್ಡು ಕೊಟ್ಟಿದ್ದಾರೆ, ಅದರಲ್ಲಿ ನನ್ನ ಹೆಸರು ಸರಿಯಾಗಿದೆ. ಕೆಳಗಿನ ಫೋಟೋ ನನ್ನದೇ ಹೌದೋ ಅಲ್ಲವೋ ಎಂದು ಮೊದಲು ಅದನ್ನೇ ನೋಡಿಕೊಂಡೆ.

ಮಾಸ್ತರರು ಕೇಳಿದರಂತೆ, ನಾಲ್ಕು ಮಂದಿಯ ಮುಂದೆಯೇ. ಲಾಡಸಾಬ ಇಲ್ಲ ಅನ್ನಲಿಲ್ಲವಂತೆ. ಮುಂದಿನ ಎರಡು ವಾರ ಜನ ಒಬ್ಬೊಬ್ಬರಾಗಿ ಕ್ರಾಸಿಗೆ ಹೋಗಿ ತಮ್ಮ ತಮ್ಮ ಹ್ಯಾಂಡಲ್ಲುಗಳನ್ನು ಇಳಿಸಿಕೊಂಡು, ಬಟ್ಟೆಯಿಂದ ಉಜ್ಜಿ ನೋಡಿ, ಮನೆಗೆ ಒಯ್ದರು. ಪಕ್ಕದ ದವಾಖಾನೆಯ ನರ್ಸ್ ಅಕ್ಕ ನನಗೆ ಹೇಳಿದಳು. ಎಲ್ಲರವೂ ಅವರವರವೇ ಇದ್ದವಂತೆ. ಒಂದೂ ತಪ್ಪಿರಲಿಲ್ಲವಂತೆ. ನಲವತ್ತರಲ್ಲಿ ಅವನು ಮುಟ್ಟಿದ್ದು ನನ್ನದೊಂದನ್ನೇ. ಇದನ್ನು ಕೇಳಿ ನನಗೆ ಸಮಾಧಾನ ಆಗಬೇಕಿತ್ತೋ, ಸಿಟ್ಟು ಬರಬೇಕಿತ್ತೋ, ಇವತ್ತಿಗೂ ತಿಳಿದಿಲ್ಲ. ಹಳೆಯ ಹ್ಯಾಂಡಲ್ ಹಿಡಿದ ಮೇಲೆ ಹೆಗಲು ನೋವು ಮರಳಿ ಬಂದಿದೆ ಎಂಬುದಷ್ಟು ತಿಳಿದಿದೆ.

ಈಗಲೂ ವಾರಕ್ಕೆ ಮೂರು ದಿನ ಆ ಅಂಗಡಿಯ ಮುಂದೆಯೇ ಹಾಯುತ್ತೇನೆ, ಗಾಡಿ ನಿಲ್ಲಿಸುವುದಿಲ್ಲ. ತೊಲೆ ಬೋಳಾಗಿದೆ. ಒಂದು ಮೂಲೆಯಲ್ಲಿ ನನ್ನ ಅಗಲದ ಹ್ಯಾಂಡಲ್ ಒಂದೇ ತೂಗುತ್ತದೆ, ಚೀಟಿ ಸಮೇತ. ಹೋದ ತಿಂಗಳು ಅದನ್ನು ಯಾರೋ ಒರೆಸಿ ಎಣ್ಣೆ ಸವರಿದ್ದರು. ರಸ್ತೆಗೇ ಹೊಳೆಯುತ್ತಿತ್ತು.

ಮೊನ್ನೆ ಬುಧವಾರ ಕ್ರಾಸಿನ ದವಾಖಾನೆಯಲ್ಲಿ ಡಬ್ಬಿ ತುಂಬುತ್ತಿದ್ದೆ. ಒಂದು ಟ್ಯೂಬಿನ ಮೇಲಿನ ಚೀಟಿ ಓದಿದೆ: ಲಾಡಸಾಬ ನಾಲಬಂದ, 62, ಸಕ್ಕರೆ.

“ಯಾವಾಗ ಬಂದಿದ್ರು?” ಎಂದು ಕೇಳಿದೆ.

“ಮುಂಜಾನೆ. ಪಾಳಿ ಹಚ್ಚಿ ನಿಂತಿದ್ರು. ಮುಂದ ಬರ್ರಿ ಅಂದೆ, ಮಂದಿ ಹಂಗ ನಿಲ್ಲತೇನಿ ಅಂದ್ರು” ಎಂದಳು ನರ್ಸ್ ಅಕ್ಕ. “ರಿಪೋರ್ಟ್ ಓದಿ ಹೇಳಾಕ ಯಾರರ ಅದಾರೇನು ಅಂತ ನನ್ನ ಕೇಳಿದ್ರು.”

“ನೀ ಏನಂದಿ?”

“ನಾ ಓದತೇನಿ ಅಂದೆ. ಇದ್ದದ್ದು ಇದ್ದಂಗ ಓದಬೇಕು ಅಂದ್ರು. ಕೂಡ ಚಾಚಿ ಇದ್ರು.”

ಟ್ಯೂಬನ್ನು ಬರ್ಫದ ನಡುವೆ ನೆಟ್ಟಗೆ ನಿಲ್ಲಿಸಿ, ಅಲುಗಾಡದ ಹಾಗೆ ಎರಡೂ ಬದಿ ಹತ್ತಿ ತುರುಕಿ, ಡಬ್ಬಿಯ ಬಾಯಿ ಮುಚ್ಚಿದೆ. ಅಂಗಡಿಯ ಮುಂದೆ ಹಾಯುವಾಗ ಅವನು ತಲೆ ಎತ್ತಿದ. ನಾನು ಹ್ಯಾಂಡಲಿನಿಂದ ಕೈ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಕೆರೂರ ದಾಟಿ ಬಾಗಲಕೋಟೆಯವರೆಗೆ ಇಪ್ಪತ್ತಮೂರು ಸ್ಪೀಡ್ ಬ್ರೇಕರ್ ಇವೆ. ಅವತ್ತು ಇಪ್ಪತ್ತಮೂರಕ್ಕೂ ಗಾಡಿ ನಿಧಾನ ಮಾಡಿದೆ.